ಹಳೆಯ ಗೇಮ್‌ಗಳ ರಿಮೇಕ್‌ಗೆ ಅಷ್ಟು ದುಡ್ಡು ಕೊಡಬೇಕಾ?

ನೀವು ಕೇಳಿದ್ದು ಇಷ್ಟು: ಇಪ್ಪತ್ತು ವರ್ಷ ಹಳೆಯ ಗೇಮ್‌ಗಳನ್ನೇ ಮತ್ತೆ ಮಾಡಿ ಹೊಸ ಗೇಮ್‌ನ ಬೆಲೆಗೆ ಮಾರುತ್ತಿದ್ದಾರೆ. ಕೆಲವನ್ನು ಎಲ್ಲರೂ ಹೊಗಳುತ್ತಾರೆ, ಕೆಲವಕ್ಕೆ ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಟ್ರೇಲರ್ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ, ಯಾವುದನ್ನು ತಗೊಳ್ಳಬಹುದು?

ಗ್ರಾಫಿಕ್ಸ್ ಪಕ್ಕಕ್ಕಿಡಿ. ಈಗ ಯಾರು ಮಾಡಿದರೂ ಅದು ಒಂದು ಮಟ್ಟಕ್ಕೆ ಚೆನ್ನಾಗಿಯೇ ಬರುತ್ತದೆ. ನಾನು ನೋಡುವುದು ಬೇರೆ. ಹಳೆಯ ಗೇಮ್‌ಗಳಲ್ಲಿ ಮೆಷಿನ್‌ಗೆ ಶಕ್ತಿ ಸಾಲದೆ ಉಳಿದ ಒಂದಷ್ಟು ಕೊರತೆಗಳಿದ್ದವು. ಹತ್ತು ಹೆಜ್ಜೆ ಆಚೆ ಏನೂ ಕಾಣದಂಥ ಮಂಜು, ಒಂದೇ ಕಡೆ ನಿಂತ ಕ್ಯಾಮೆರಾ, ಹೀಗೆ. ಆ ಗೇಮ್‌ಗಳನ್ನು ಮಾಡಿದವರು ಬುದ್ಧಿವಂತರು. ಆ ಕೊರತೆಯನ್ನೇ ಆಟದ ಭಾಗ ಮಾಡಿಕೊಂಡರು. ಈಗ ರಿಮೇಕ್ ಮಾಡುವವರು ಅದನ್ನು ಕಿತ್ತರೆ, ಆ ಜಾಗದಲ್ಲಿ ಅದೇ ಕೆಲಸ ಮಾಡುವ ಇನ್ನೇನಾದರೂ ಇಡಬೇಕು. ಇಟ್ಟವರು ಗೆದ್ದಿದ್ದಾರೆ. ಸುಮ್ನೆ ಕಿತ್ತವರು ಬೈಸಿಕೊಂಡಿದ್ದಾರೆ.

ಮೊದಲು ಬೈಸಿಕೊಂಡವರ ಕಥೆ. ನಮ್ಮಲ್ಲಿ ಸೈಬರ್ ಕೆಫೆಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಜಿಟಿಎ ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಆಡಿದ ಒಂದು ತಲೆಮಾರೇ ಇದೆ, ಅಲ್ವಾ? ಹಾಗಾಗಿ 2021ರ ನವೆಂಬರ್ 11ಕ್ಕೆ ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಮೂರನ್ನೂ ಸೇರಿಸಿ 'ಡೆಫಿನಿಟಿವ್ ಎಡಿಷನ್' ಬಂದಾಗ ಕಾಯುತ್ತಿದ್ದವರು ಕಡಿಮೆ ಏನಲ್ಲ. ಕೆಲಸ ಮಾಡಿದ್ದು ಗ್ರೋವ್ ಸ್ಟ್ರೀಟ್ ಗೇಮ್ಸ್ ಅನ್ನುವ ಸ್ಟುಡಿಯೋ, ಬಿಟ್ಟಿದ್ದು ಜಿಟಿಎ ಕಂಪನಿ ರಾಕ್‌ಸ್ಟಾರ್. ಬಂದ ದಿನವೇ ನಗೆಪಾಟಲು. ಮಳೆ ಬಂದರೆ ಪರದೆ ತುಂಬ ಬಿಳಿ ಗೆರೆ, ರಸ್ತೆಯೇ ಕಾಣುವುದಿಲ್ಲ. ಅಂಗಡಿ ಬೋರ್ಡ್‌ಗಳ ಅಕ್ಷರಗಳನ್ನು ಸಾಫ್ಟ್‌ವೇರ್ ಕೈಗೆ ಕೊಟ್ಟು ದೊಡ್ಡದು ಮಾಡಿಸಿದ್ದರಿಂದ ಎಷ್ಟೋ ಕಡೆ ಸ್ಪೆಲ್ಲಿಂಗೇ ತಪ್ಪು. ನನಗೆ ಇವತ್ತಿಗೂ ನಗು ತರಿಸುವುದು ಡೋನಟ್ ಅಂಗಡಿ. ಹಳೆಯ ಗೇಮ್‌ನಲ್ಲಿ ಅದರ ಮೇಲೆ ಬೋಲ್ಟಿಗೆ ಹಾಕುವ ಆರು ಮೂಲೆಯ ನಟ್ ಆಕಾರದಲ್ಲಿ ಒಂದು ದೊಡ್ಡ ಡೋನಟ್ ಇತ್ತು. 'ಟಫ್ ನಟ್ ಡೋನಟ್ಸ್' ಅನ್ನುವ ಅಂಗಡಿಯ ಹೆಸರಿಗೆ ಹೊಂದುವ ತಮಾಷೆ ಅದು. ಹೊಸದರಲ್ಲಿ ಮೂಲೆಗಳನ್ನೆಲ್ಲ ನುಣ್ಣಗೆ ಮಾಡುವ ಭರದಲ್ಲಿ ನಟ್ಟನ್ನೂ ಉರುಟು ಮಾಡಿಬಿಟ್ಟರು! ಅದು ಯಾಕೆ ಹಾಗಿತ್ತು ಅಂತ ಯಾರೂ ಒಂದು ಕ್ಷಣ ನಿಂತು ನೋಡಲಿಲ್ಲ.

ಇದು ಸಣ್ಣದು. ದೊಡ್ಡ ತಪ್ಪು ಮಂಜಿನದು. 2004ರ ಸ್ಯಾನ್ ಆಂಡ್ರಿಯಾಸ್‌ನಲ್ಲಿ ದೂರದ್ದೆಲ್ಲ ಮಬ್ಬು. ಪ್ಲೇಸ್ಟೇಷನ್ 2ರ ಕೈಲಿ ಅಷ್ಟು ದೂರದವರೆಗೆ ಚಿತ್ರ ಬಿಡಿಸಲು ಆಗುತ್ತಿರಲಿಲ್ಲ. ಆದರೆ ಅದರಿಂದಲೇ ಲಾಸ್ ಸ್ಯಾಂಟೋಸ್ ಅನ್ನುವ ಊರಿನಿಂದ ಮರುಭೂಮಿಗೆ ಹೊರಟರೆ ಎಲ್ಲೋ ಬಹಳ ದೂರ ಹೋದ ಹಾಗೆ ಅನ್ನಿಸುತ್ತಿತ್ತು. ಮೂರು ಊರು, ಕಾಡು, ಬೆಟ್ಟ ಎಲ್ಲ ಇರುವ ಒಂದು ರಾಜ್ಯ ಅಂತ ನಂಬಿಕೆ ಬರುತ್ತಿತ್ತು. ಹೊಸದರಲ್ಲಿ ಮಬ್ಬು ತೆಗೆದರು. ಮೌಂಟ್ ಚಿಲಿಯಾಡ್ ಹತ್ತಿ ನಿಂತರೆ ಆ ಕಡೆಯ ಊರಿನ ಕಟ್ಟಡಗಳೂ ಇಲ್ಲೇ ಪಕ್ಕದಲ್ಲಿ! ರಾಜ್ಯ ಹೋಗಿ ಬಡಾವಣೆ ಆಯಿತು. ಮ್ಯಾಪ್ ಒಂದಿಂಚೂ ಚಿಕ್ಕದಾಗಿರಲಿಲ್ಲ, ಗೊತ್ತಲ್ಲ.

ರಾಕ್‌ಸ್ಟಾರ್ ಕ್ಷಮೆ ಕೇಳಿತು. ಮಾರಾಟದಿಂದ ತೆಗೆದಿದ್ದ ಹಳೆಯ ಪಿಸಿ ಗೇಮ್‌ಗಳನ್ನು ತನ್ನ ಅಂಗಡಿಗೆ ವಾಪಸ್ ತಂದಿತು. ಆಮೇಲೆ ಅಪ್‌ಡೇಟ್ ಮೇಲೆ ಅಪ್‌ಡೇಟ್. ಹಳೆಯ ಬೆಳಕು, ಹಳೆಯ ಆಕಾಶದ ಬಣ್ಣ ಬೇಕು ಅನ್ನುವವರಿಗೆ ಸರಿಯಾದ ಆಯ್ಕೆ ಕನ್ಸೋಲ್, ಪಿಸಿಗೆ ಬಂದಿದ್ದು 2024ರ ನವೆಂಬರ್‌ನಲ್ಲಿ. ಅಂದರೆ ಮೂರು ವರ್ಷ. ಈಗ ಆಡಬಹುದು, ಪರವಾಗಿಲ್ಲ. ಮೊದಲ ದಿನ ಪೂರ್ತಿ ಬೆಲೆ ಕೊಟ್ಟವರ ಗತಿ ಮಾತ್ರ ಕೇಳಬೇಡಿ.

ಇದೇ ಮಂಜಿನ ಇನ್ನೊಂದು ಕಥೆ ಸೈಲೆಂಟ್ ಹಿಲ್. 1999ರ ಮೊದಲ ಗೇಮ್‌ನಲ್ಲಿ ಊರಿಗೆಲ್ಲ ಮಂಜು ಕವಿದಿತ್ತು. ಮೆಷಿನ್‌ನ ದೌರ್ಬಲ್ಯ ಮುಚ್ಚಲು ಹಾಕಿದ್ದು, ಕೊನೆಗೆ ಜನರನ್ನು ಹೆದರಿಸಿದ್ದೂ ಅದೇ. ಮಳೆಗಾಲದ ಸಂಜೆ ಚಾರ್ಮಾಡಿ ಘಾಟಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2001ರಲ್ಲಿ ಎರಡನೆಯದು ಬಂದಾಗ ಮೆಷಿನ್ ಹೊಸದಾಗಿತ್ತು, ಆದರೂ ಮಂಜನ್ನು ಬೇಕೆಂದೇ ಉಳಿಸಿಕೊಂಡರು. ಆಮೇಲೆ 2012ರಲ್ಲಿ ಅದರ ಕಂಪನಿ ಕೊನಾಮಿ ಎಚ್‌ಡಿ ಕಲೆಕ್ಷನ್ ಅಂತ ಒಂದು ತಂದಿತು. ಆಗ ಅವರ ಹತ್ತಿರ ಹಳೆಯ ಗೇಮ್‌ನ ಅಂತಿಮ ಕೋಡೇ ಇರಲಿಲ್ಲ. ಅರ್ಧಂಬರ್ಧ ಕೋಡ್ ಇಟ್ಟುಕೊಂಡು ಮಾಡಿದರು. ಮಂಜು ತೆಳ್ಳಗಾಯಿತು. ದೋಣಿಯಲ್ಲಿ ಕೆರೆ ದಾಟುವ ಜಾಗದಲ್ಲಿ ನೀರು ಎಲ್ಲಿ ಮುಗಿಯುತ್ತದೆ, ಗೇಮ್‌ನ ಪ್ರಪಂಚ ಎಲ್ಲಿ ನಿಲ್ಲುತ್ತದೆ ಅನ್ನುವುದೇ ಕಣ್ಣಿಗೆ ಬೀಳುತ್ತಿತ್ತು. ಹೆದರಿಕೆ ಎಲ್ಲಿಂದ ಬರಬೇಕು?

ಹೀಗಾಗಿ ಸೈಲೆಂಟ್ ಹಿಲ್ 2 ರಿಮೇಕ್ ಅನ್ನು ಪೋಲೆಂಡ್‌ನ ಬ್ಲೂಬರ್ ಟೀಮ್ ಮಾಡುತ್ತದೆ ಅಂದಾಗ ಯಾರಿಗೂ ನಂಬಿಕೆ ಇರಲಿಲ್ಲ. ಹೊಡೆದಾಟದ ಟ್ರೇಲರ್ ಬಿಟ್ಟಾಗ ಜನ ನಕ್ಕರು. 2024ರ ಅಕ್ಟೋಬರ್ 8ಕ್ಕೆ ಗೇಮ್ ಬಂತು, ನಕ್ಕವರೆಲ್ಲ ಸುಮ್ಮನಾದರು. ಇವರು ಕಿತ್ತಿದ್ದು ಕ್ಯಾಮೆರಾವನ್ನು. ಹಳೆಯದರಲ್ಲಿ ಕ್ಯಾಮೆರಾ ಎಲ್ಲೋ ಮೂಲೆಯಲ್ಲಿ ನಿಂತು ಕಥಾನಾಯಕ ಜೇಮ್ಸ್‌ನನ್ನು ನೋಡುತ್ತಿತ್ತು, ಅವನ ಮುಂದೆ ಏನಿದೆ ಅಂತ ನಿಮಗೆ ತೋರಿಸುತ್ತಿರಲಿಲ್ಲ. ಹೊಸದರಲ್ಲಿ ಅದು ಅವನ ಹೆಗಲ ಹಿಂದೆ. ಎಲ್ಲ ಕಾಣುತ್ತದೆ. ಅದಕ್ಕೆ ಏನು ಮಾಡಿದರು ಗೊತ್ತಾ? ಮ್ಯಾನಕ್ವಿನ್ ಅಂತ ಒಂದು ದೆವ್ವ ಇದೆ, ಮೇಲೂ ಕಾಲು ಕೆಳಗೂ ಕಾಲು, ತಲೆ ಇಲ್ಲ. ಅದು ಈಗ ಬಾಗಿಲ ಮರೆಯಲ್ಲಿ, ಮೇಜಿನ ಹಿಂದೆ ಅಲ್ಲಾಡದೆ ನಿಂತು ಕಾಯುತ್ತದೆ. ನೀವು ಟಾರ್ಚ್ ಹಿಡಿದು ಕೋಣೆಗೆ ಹೋಗುತ್ತೀರಿ, ಏನೂ ಇಲ್ಲ ಅಂತ ತಿರುಗುತ್ತೀರಿ. ಆಮೇಲೆ ಪ್ರತಿ ಕೋಣೆಯ ಪ್ರತಿ ಮೂಲೆ ನೋಡುವ ಅಭ್ಯಾಸ ತಾನಾಗಿಯೇ ಬರುತ್ತದೆ. ಹೋದ ಹೆದರಿಕೆಗೆ ಇನ್ನೊಂದು ಹೆದರಿಕೆ ಕೊಟ್ಟರು, ಲೆಕ್ಕ ಸರಿಹೋಯಿತು.

ನನ್ನ ತಕರಾರು ಉದ್ದದ ಬಗ್ಗೆ. ಹಳೆಯದು ಏಳೆಂಟು ಗಂಟೆಯಲ್ಲಿ ಮುಗಿಯುತ್ತಿತ್ತು, ಇದು ಹದಿನೈದು ದಾಟುತ್ತದೆ. ಜೈಲಿನ ಭಾಗಕ್ಕೆ ಬರುವಷ್ಟರಲ್ಲಿ ಅದೇ ದೆವ್ವಗಳಿಗೆ ಅದೇ ಕಬ್ಬಿಣದ ಪೈಪಿನಲ್ಲಿ ಬಡಿದು ಬಡಿದು ಹೆದರಿಕೆ ಹೋಗಿ ಬೇಜಾರು ಶುರುವಾಗುತ್ತದೆ. ದುಃಖದ ಕಥೆಗೆ ಅಷ್ಟು ಹೊಡೆದಾಟ ಜಾಸ್ತಿ ಆಯಿತು.

ಎಳೆಯುವ ವಿಷಯದಲ್ಲಿ ಮೊದಲ ಬಹುಮಾನ ಫೈನಲ್ ಫ್ಯಾಂಟಸಿ 7ಕ್ಕೇ. 1997ರ ಗೇಮ್‌ನಲ್ಲಿ ಮಿಡ್ಗಾರ್ ಅನ್ನುವ ಊರು ಕೆಲವೇ ಗಂಟೆಗಳ ಆರಂಭ. 2020ರ ರಿಮೇಕ್‌ನಲ್ಲಿ ಅದೊಂದೇ ಇಡೀ ಗೇಮ್, ಮೂವತ್ತು ಗಂಟೆ ಮೇಲೆ. ಹೊಡೆದಾಟ ಅದ್ಭುತವಾಗಿದೆ, ಪಾತ್ರಗಳಿಗೆ ಜೀವ ಬಂದಿದೆ, ಒಪ್ಪುತ್ತೇನೆ. ಆದರೆ ಕ್ರೇನ್‌ನ ಯಂತ್ರದ ಕೈ ಓಡಿಸಿ ಡಬ್ಬ ಎತ್ತಿಡುವ ಭಾಗವಿದೆ ನೋಡಿ, ಅದನ್ನು ಆಡುವಾಗ ಯಾರೋ ಬೇಕಂತಲೇ ನನ್ನ ಟೈಮ್ ತಿನ್ನುತ್ತಿದ್ದಾರೆ ಅನ್ನಿಸಿತು. ಮುಂದಿನ ಭಾಗ ರೀಬರ್ತ್ 2024ರ ಫೆಬ್ರವರಿ 29ಕ್ಕೆ ಬಂತು. ಊರು ಬಿಟ್ಟು ಬಯಲಿಗೆ ಬಂದ ಖುಷಿ ಇದೆ, ಕ್ವೀನ್ಸ್ ಬ್ಲಡ್ ಅನ್ನುವ ಇಸ್ಪೀಟ್ ಥರದ ಆಟವಂತೂ ಒಂದು ಚಟ. ಆದರೆ ಏನು ಹುಡುಕಿದರೂ ಚಾಡ್ಲಿ ಅನ್ನುವ ಹುಡುಗ ಕರೆ ಮಾಡಿ ಭಾಷಣ ಶುರು ಮಾಡುತ್ತಾನೆ. ಅವನ ಬಾಯಿ ಮುಚ್ಚಿಸುವ ಬಟನ್ ಇದ್ದಿದ್ದರೆ ಇನ್ನೊಂದು ಸಾವಿರ ಕೊಡುತ್ತಿದ್ದೆ.

ನನ್ನ ಪ್ರಕಾರ ಈ ಕೆಲಸ ಚೆನ್ನಾಗಿ ಗೊತ್ತಿರುವುದು ಕ್ಯಾಪ್‌ಕಾಮ್ ಕಂಪನಿಗೆ. 2005ರ ರೆಸಿಡೆಂಟ್ ಈವಿಲ್ 4ರಲ್ಲಿ ನಾಯಕ ಲಿಯಾನ್ ಬಂದೂಕು ಎತ್ತಿದರೆ ಕಾಲು ನೆಲಕ್ಕೆ ಅಂಟಿದ ಹಾಗೆ. ನಡೆಯುತ್ತಾ ಗುಂಡು ಹಾರಿಸಲು ಆಗದು. ಹಳ್ಳಿಯ ಜನ ನಿಧಾನಕ್ಕೆ ಸುತ್ತುವರಿಯುತ್ತಿದ್ದರೆ ನಿಲ್ಲಬೇಕೋ ಓಡಬೇಕೋ ಅನ್ನುವುದೇ ಆಟ. 2023ರ ರಿಮೇಕ್‌ನಲ್ಲಿ ನಡೆಯುತ್ತಾ ಹೊಡೆಯಬಹುದು. ಅಷ್ಟೇ ಮಾಡಿದ್ದರೆ ತೀರಾ ಸುಲಭವಾಗುತ್ತಿತ್ತು. ಹಾಗಾಗಿ ಹಳ್ಳಿಯವರ ವೇಗ, ಆವೇಶ ಎರಡೂ ಹೆಚ್ಚಿತು. ಬರುವ ಏಟನ್ನು ಚಾಕುವಿನಿಂದ ತಡೆಯಬಹುದು, ಆದರೆ ತಡೆದಷ್ಟೂ ಚಾಕು ಸವೆಯುತ್ತದೆ, ಕೊನೆಗೆ ಮುರಿಯುತ್ತದೆ. ಗರಗಸದವನು ಎದುರು ಬಂದಾಗ ಚಾಕುವಿನ ಆಯಸ್ಸು ಮುಗಿಯುತ್ತಾ ಬಂದಿದ್ದರೆ ಆಗುವ ಗಾಬರಿ ಹಳೆಯ ಗಾಬರಿಯೇ. ಹಾಗಂತ ಕ್ಯಾಪ್‌ಕಾಮ್ ಸಾಚಾ ಅಲ್ಲ. ವಿಮರ್ಶೆಗಳೆಲ್ಲ ಬಂದು ಮುಗಿದ ಮೇಲೆ, ಏಪ್ರಿಲ್‌ನಲ್ಲಿ, ಬಂದೂಕುಗಳನ್ನು ಬಲಪಡಿಸುವ ಟಿಕೆಟ್‌ಗಳನ್ನು ದುಡ್ಡಿಗೆ ಮಾರಲು ಇಟ್ಟಿತು. ಆಟ ಆಡಿ ಗಳಿಸಬಹುದಾದದ್ದೇ, ಆದರೂ ಕಳ್ಳ ಹೆಜ್ಜೆ.

ಅದೇ ಕಂಪನಿ 2020ರಲ್ಲಿ ರೆಸಿಡೆಂಟ್ ಈವಿಲ್ 3 ಮಾಡಿ ಎಡವಿತು. ಹಳೆಯದರ ಗಡಿಯಾರದ ಗೋಪುರದ ಭಾಗವನ್ನೇ ಕತ್ತರಿಸಿ ಎಸೆದರು. ಬೆನ್ನಟ್ಟಿ ಬರುವ ನೆಮೆಸಿಸ್ ಹೆಚ್ಚಿನ ಕಡೆ ಮೊದಲೇ ಬರೆದಿಟ್ಟ ಜಾಗದಲ್ಲಿ ಬರೆದಿಟ್ಟ ಹಾಗೆಯೇ ಬರುತ್ತಾನೆ. ಅದಕ್ಕಿಂತ ಹಿಂದಿನ ವರ್ಷದ ರೆಸಿಡೆಂಟ್ ಈವಿಲ್ 2 ರಿಮೇಕ್‌ನಲ್ಲಿ ಬೆನ್ನಟ್ಟುವ ದೈತ್ಯ ಮಿಸ್ಟರ್ ಎಕ್ಸ್‌ನ ಬೂಟಿನ ಸದ್ದು ಮೇಲಿನ ಮಹಡಿಯಲ್ಲಿ ಕೇಳಿದರೆ ಸಾಕು, ಕೈ ಬೆವರುತ್ತಿತ್ತು. ಆ ಗೇಮ್ ಆಡಿ ಇದಕ್ಕೆ ಬಂದವರಿಗೆ ನಿರಾಸೆ ಆಗದೆ ಇರುತ್ತದೆಯೇ?

ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಬಗ್ಗೆ ಜಾಸ್ತಿ ಹೇಳಲ್ಲ. 2013ರ ಗೇಮ್, 2014ರಲ್ಲಿ ಒಮ್ಮೆ ರಿಮಾಸ್ಟರ್, ಅಂದರೆ ಅದೇ ಗೇಮ್‌ಗೆ ಹೊಳಪು ಕೊಡುವುದು, ಆಗಿತ್ತು, 2022ರಲ್ಲಿ ಮತ್ತೆ 70 ಡಾಲರ್. ಕೆಲಸ ಅಚ್ಚುಕಟ್ಟು, ಕಣ್ಣು ಕಾಣದವರೂ ಆಡುವಂಥ ಸೌಲಭ್ಯಗಳಿವೆ, ಅದಕ್ಕೆ ಮೆಚ್ಚಬೇಕು. ಆದರೆ ಜೊತೆಗೂಡಿ ಆಡುವ ಆನ್‌ಲೈನ್ ಭಾಗವನ್ನು ತೆಗೆದು ಹಾಕಿದರು. ಹಳೆಯದನ್ನು ಆಡಿದವರು ಸೇಲ್ ಬರುವವರೆಗೆ ಕಾಯಿರಿ.

ಇನ್ನು ನಿಮಗೆ. ಇವುಗಳ ಹಳೆಯ ರೂಪ ಯಾವುದನ್ನೂ ಆಡಿಲ್ಲದಿದ್ದರೆ ರೆಸಿಡೆಂಟ್ ಈವಿಲ್ 2 ರಿಮೇಕ್‌ನಿಂದ ಶುರು ಮಾಡಿ. ಹಳೆಯದಾಯಿತು, ಸೇಲ್‌ನಲ್ಲಿ ತುಂಬ ಕಮ್ಮಿಗೆ ಸಿಗುತ್ತದೆ. ಅದು ಹಿಡಿಸಿದರೆ 4ಕ್ಕೆ ಹೋಗಿ, 3 ಬಿಟ್ಟರೂ ನಷ್ಟವಿಲ್ಲ. ಬಾಹ್ಯಾಕಾಶದ ಭಯ ಬೇಕಾದರೆ 2023ರ ಡೆಡ್ ಸ್ಪೇಸ್ ರಿಮೇಕ್, ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಸೈಲೆಂಟ್ ಹಿಲ್ 2 ರಾತ್ರಿ ಒಬ್ಬರೇ ಕೂತು ಆಡುವ ಧೈರ್ಯ ಇದ್ದವರಿಗೆ. ನಿಮ್ಮ ಪಿಸಿ ತಡೆಯುತ್ತದೋ ಇಲ್ಲವೋ ಅಂತ ಅನುಮಾನ ಇದ್ದರೆ ರೆಸಿಡೆಂಟ್ ಈವಿಲ್ 4ರ ಚೈನ್‌ಸಾ ಡೆಮೊ ಸ್ಟೀಮ್ ಅನ್ನುವ ಪಿಸಿ ಗೇಮ್ ಅಂಗಡಿಯಲ್ಲಿ ಬಿಟ್ಟಿ ಇದೆ. ಆ ಹಳ್ಳಿಯ ಭಾಗ ಪೂರ್ತಿ ಆಡಬಹುದು, ಟೈಮ್ ಮಿತಿಯೂ ಇಲ್ಲ. ಅದು ತಡೆಯದೆ ಓಡಿದ ಮೇಲೆ ಕಾರ್ಡ್ ತೆಗೆಯಿರಿ.