ನಾಲ್ವರ ಪ್ರಾಜೆಕ್ಟ್, ಒಬ್ಬಳ ದೂರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

"ನಾಲ್ವರಲ್ಲಿ ದುಡಿಯುವವಳು ನಾನೊಬ್ಬಳೇ. ನನ್ನ ಗುಂಪು ಬದಲಿಸಲು ಹೇಳಿ" ಎಂದು ನನ್ನ ಬಳಿ ಬಂದವಳು ಎಲೆಕ್ಟ್ರಾನಿಕ್ಸ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿನಿ. ಹನಿ ನೀರಾವರಿಯ ಪ್ರಾಜೆಕ್ಟ್, ಆಕೆಯೇ ನಾಯಕಿ. ಮೊದಲ ರಿವ್ಯೂನಲ್ಲಿ ಒಣಮಣ್ಣಿಗೆ ಸೆನ್ಸರ್ ಚುಚ್ಚಿದರೆ ಆ್ಯಪ್ "ತೇವ ಸಾಕಷ್ಟಿದೆ" ಎಂದು ತೋರಿಸಿ ಮಾನ ಕಳೆದಿತ್ತು.

ನಾಲ್ವರನ್ನೂ ಕರೆಸಿದೆ. ಮಣ್ಣಿನ ತೇವ ಅಳೆಯಲು ಅವರು ಬಳಸಿದ ಕೆಪಾಸಿಟಿವ್ ಸೆನ್ಸರ್ ಮಣ್ಣು ಒಣಗಿದಷ್ಟೂ ದೊಡ್ಡ ಸಂಖ್ಯೆ ಕೊಡುತ್ತದೆ. ಇಎಸ್‌ಪಿ32 ಎಂಬ ಪುಟ್ಟ ನಿಯಂತ್ರಕ ಚಿಪ್ ಅದನ್ನು 0ರಿಂದ 4095ರೊಳಗೆ ಓದುತ್ತದೆ. ಆ್ಯಪ್ ಬರೆದವಳು ದೊಡ್ಡ ಸಂಖ್ಯೆ ಎಂದರೆ ಹೆಚ್ಚು ತೇವ ಎಂದುಕೊಂಡಿದ್ದಳು. ಸೆನ್ಸರ್ ಜೋಡಿಸಿದ ಹುಡುಗನಿಗೆ ಇದು ಮೊದಲೇ ಗೊತ್ತಿತ್ತು. ಹೇಳಲಿಲ್ಲವೇಕೆ? ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. "ಎಲ್ಲರೂ ಇಂಗ್ಲಿಷಿನಲ್ಲಿ ಚರ್ಚಿಸುತ್ತಾರೆ. ನಾನು ವಾಕ್ಯ ಜೋಡಿಸುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ" ಎಂದ. ನಾಲ್ವರಿಗೂ ಕನ್ನಡ ಬರುತ್ತಿತ್ತು!

ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯನಾಯಿತು. ತಂಡಕೆಲಸ, ಸಂವಹನ ಎರಡೂ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಯ ಕಲಿಕಾಫಲಗಳ ಪಟ್ಟಿಯಲ್ಲಿವೆ. ನಾನು ಕಂಡ ಕಾಲೇಜುಗಳಲ್ಲಿ ಅವು ಸಂದರ್ಶನ ತರಬೇತಿ, ಗುಂಪು ಚರ್ಚೆ, ಟೈ ಕಟ್ಟುವುದರಲ್ಲಿ ಮುಗಿಯುತ್ತವೆ. ತನ್ನ ಭಾಗದಿಂದ ಏನು ಹೊರಬರುತ್ತದೆ ಎಂದು ಪಕ್ಕದವನಿಗೆ ಹೇಳುವುದನ್ನು ಯಾರೂ ಕಲಿಸುವುದಿಲ್ಲ.

ಗುಂಪು ಬದಲಿಸುವುದು ಬೇಡವೆಂದೆ. ಎರಡು ಭಾಗಗಳು ಸೇರುವಲ್ಲೆಲ್ಲ ಒಂದು ಹಾಳೆ ಬರೆಯಬೇಕು: ಏನು ದಾಟುತ್ತದೆ, ಯಾವ ಮಿತಿಯೊಳಗೆ, ಹೆಚ್ಚಾದರೆ ಏನರ್ಥ, ತಂತಿ ಕಿತ್ತರೆ ಏನು ಬರುತ್ತದೆ, ಕೆಳಗೆ ಇಬ್ಬರ ಸಹಿ. ವಾರದ ಸಭೆ ಲ್ಯಾಬಿನಲ್ಲಿ, ಕಿಟ್ ಮುಂದೆ, ಕನ್ನಡದಲ್ಲಿ. ನಾಯಕಿ ಕೊನೆಗೆ ಮಾತನಾಡಬೇಕು. ನಡುರಾತ್ರಿಯ ವಾಟ್ಸ್‌ಆ್ಯಪ್ ಆದೇಶಗಳು ನಿಲ್ಲಬೇಕು (ಇದಕ್ಕೆ ಆಕೆ ಮುಖ ಸಿಂಡರಿಸಿದಳು). ರಿವ್ಯೂಗೆ ಮೊದಲು ಪ್ರತಿಯೊಬ್ಬರೂ ಇನ್ನೊಬ್ಬರ ಭಾಗವನ್ನು ವಿವರಿಸಿ ನೋಡಬೇಕು.

ನಾಲ್ಕನೆಯವನು ನಿಜಕ್ಕೂ ಮೈಗಳ್ಳ. ಹಗ್ಗ ಎಳೆಯುವವರು ಹೆಚ್ಚಿದಂತೆ ತಲಾ ಎಳೆತ ಕುಗ್ಗುತ್ತದೆ ಎಂದು ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್ಮನ್ 1913ರಲ್ಲೇ ಬರೆದಿದ್ದಾರೆ. ಯಾರ ಪಾಲು ಎಷ್ಟೆಂದು ಕಾಣುವಂತಾದರೆ ಸಡಿಲಿಕೆ ತಗ್ಗುತ್ತದೆ ಎಂಬುದು ನಂತರದ ಪ್ರಯೋಗಗಳಲ್ಲಿ ತಿಳಿಯಿತು. ಅವನಿಗೆ ಹಾಳೆಯಲ್ಲಿ ಹೆಸರು, ದಿನಾಂಕ ಹಾಕಿ ಸಣ್ಣ ಕೆಲಸ ಕೊಡಿ. ಎರಡು ಬಾರಿ ತಪ್ಪಿದರೆ ಆ ಹಾಳೆಯನ್ನೇ ಮಾರ್ಗದರ್ಶಕರಿಗೆ ತೋರಿಸಿ ಎಂದೆ.

ಎರಡನೆಯ ರಿವ್ಯೂನಲ್ಲಿ ಸೆನ್ಸರ್ ಹುಡುಗ ಆ್ಯಪ್ ಭಾಗವನ್ನೂ ವಿವರಿಸಿದ, ಅರ್ಧ ಕನ್ನಡದಲ್ಲಿ. ಪರೀಕ್ಷಕರು ತಕರಾರು ಮಾಡಲಿಲ್ಲ. ನಾಲ್ಕನೆಯವನು ವರದಿ ಟೈಪ್ ಮಾಡಿದ್ದು ಬಿಟ್ಟರೆ ಹೆಚ್ಚೇನೂ ಮಾಡಲಿಲ್ಲ. ಹಾಳೆ ಮಾರ್ಗದರ್ಶಕರ ಕೈ ಸೇರಿತು, ಅವನ ಅಂಕ ಕಡಿಮೆಯಾಯಿತು. ನಾಯಕಿಗೆ ಅವನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳೆಂದು ನಾನೂ ಹೇಳಲಿಲ್ಲ.