ಬಾಯಿಪಾಠ ಬರುತ್ತದೆ, ಎಣಿಕೆ ತಪ್ಪುತ್ತದೆ

ಪ್ರಶ್ನೆ: ನಾಲ್ಕೂವರೆ ವರ್ಷದ ಮಗಳು 20ರವರೆಗೆ ಹೇಳುತ್ತಾಳೆ. ಆದರೆ 7 ಹುಣಸೆಬೀಜ ಇಟ್ಟರೆ 9 ಎನ್ನುತ್ತಾಳೆ. ವರ್ಣಮಾಲೆಯೂ ಬಾಯಿಗೆ ಬರುತ್ತದೆ, ನಡುವಿನ ಅಕ್ಷರ ತೋರಿಸಿದರೆ ಗುರುತು ಸಿಗದು. ಏನು ಮಾಡಲಿ?

ಉತ್ತರ: ಬಾಯಿ ಬೆರಳಿಗಿಂತ ಮುಂದೆ ಓಡುತ್ತಿದೆ, ಈ ವಯಸ್ಸಿಗೆ ಸಹಜ, ಗದರಿಸಬೇಡಿ. 5 ಬೀಜವನ್ನಷ್ಟೇ ಕೊಟ್ಟು, ಒಂದೊಂದನ್ನೇ ತಟ್ಟೆಯಿಂದ ಬಟ್ಟಲಿಗೆ ಹಾಕುತ್ತಾ ಎಣಿಸಲು ಹೇಳಿ. ಎಣಿಸಿದ್ದು ಬೇರೆಯಾಗುವುದರಿಂದ ಎರಡು ಸಲ ಲೆಕ್ಕಕ್ಕೆ ಬರುವುದಿಲ್ಲ. ಮುಗಿದ ಮೇಲೆ ‘ಒಟ್ಟು ಎಷ್ಟು?’ ಎಂದು ಕೇಳಿ. ಮತ್ತೆ ಒಂದರಿಂದ ಶುರುಮಾಡಿದರೆ, ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಒಟ್ಟು ಎಂಬುದು ಅವಳಿಗಿನ್ನೂ ಹೊಳೆದಿಲ್ಲ. ಅದು ಹೊಳೆಯುವ ತನಕ ಬೀಜ ಹೆಚ್ಚಿಸಬೇಡಿ.

ಅಕ್ಷರಕ್ಕೆ ಮಾಲೆಯ ಕ್ರಮ ಬಿಡಿ. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಂತೆ ರ, ಗ, ಸ, ದ, ಅ ಮೊದಲು ಕಲಿಸಿ. ಸರ, ಅರಸ, ಗರಗಸ ಕೂಡಲೇ ಓದಬಹುದು. ಪೆನ್ಸಿಲ್ ಬೇಡ, ರವೆ ಹರಡಿದ ತಟ್ಟೆಯಲ್ಲಿ ಬೆರಳಿನಿಂದ ಬರೆಸಿ. ದಿನಕ್ಕೆ 10 ನಿಮಿಷ ಸಾಕು.