ಕೋರ್ನ್‌ಗೋಲ್ಡ್ ಲೇಖನದ ಎರಡು ಸಾಲು

ನಮಸ್ಕಾರ.

ಸಿನಿಮಾ ಸಂಗೀತಗಾರ ಎರಿಕ್ ಕೋರ್ನ್‌ಗೋಲ್ಡ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆಯೂ ತಿಳಿಯಾಗಿದೆ. ಆದರೆ ಈಗ ಇರುವ ಹಾಗೆ ಹಾಕಲಾರೆ.

‘ರಾಜಕೀಯ ಕಾರಣಗಳಿಂದ ಅವರು 1938ರಲ್ಲಿ ಅಮೆರಿಕದಲ್ಲೇ ಉಳಿದರು’ ಎಂದು ಬರೆದಿದ್ದೀರಿ. ಇಷ್ಟೇನಾ? ಅವರು ವಿಯೆನ್ನಾದ ಯಹೂದಿ ಮನೆಯವರು. ಆ ವರ್ಷದ ಶುರುವಿನಲ್ಲಿ ಹಾಲಿವುಡ್‌ನ ವಾರ್ನರ್ ಬ್ರದರ್ಸ್ ಸ್ಟುಡಿಯೊದಿಂದ ತಂತಿ ಬಂತು, ರಾಬಿನ್ ಹುಡ್ ಸಿನಿಮಾಕ್ಕೆ ಸಂಗೀತ ಬೇಕು ಅಂತ. ಅಲ್ಲಿಗೆ ಹೋಗಿ ಸಿನಿಮಾ ನೋಡಿದರು. ಹೊಡೆದಾಟದ ಚಿತ್ರ ತಮಗೆ ಒಗ್ಗುವುದಿಲ್ಲ ಅಂತ ಬೇಡ ಎಂದುಬಿಟ್ಟರು. ಫೆಬ್ರವರಿಯಲ್ಲಿ ಆಸ್ಟ್ರಿಯಾದ ಚಾನ್ಸಲರ್‌ನನ್ನು ಹಿಟ್ಲರ್ ಕರೆಸಿಕೊಂಡು ಬೆದರಿಸಿದ. ಆ ಸುದ್ದಿ ಬಂದ ಮೇಲೆ ಒಪ್ಪಿಕೊಂಡರು, ಅದೂ ವಾರ ವಾರದ ಲೆಕ್ಕದಲ್ಲಿ. ಮಾರ್ಚ್‌ನಲ್ಲಿ ನಾಜಿ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿತು. ಅವರ ಮನೆ ಜಪ್ತಿಯಾಯಿತು. ಅಲ್ಲೇ ಉಳಿದಿದ್ದ ದೊಡ್ಡ ಮಗ, ತಂದೆ ತಾಯಿ ಹೇಗೋ ಪಾರಾಗಿ ಬಂದರು. ಇತ್ತ ಇವರು ರಾಬಿನ್ ಹುಡ್‌ನ ಕತ್ತಿವರಸೆಗೆ ಸಂಗೀತ ಬರೆಯುತ್ತಿದ್ದರು. ಲೇಖನದ ಜೀವ ಇರುವುದೇ ಇಲ್ಲಿ, ಅಲ್ವಾ?

ನಾನು ಕೆಲಸ ಕಲಿತ ವಾರಪತ್ರಿಕೆಯಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಪುಟ ಕಟ್ಟುವ ಗಡಿಬಿಡಿಯಲ್ಲೂ ಬರಹದ ಅಂಚಿನಲ್ಲಿ ‘ಯಾವಾಗ? ಆಮೇಲೆ?’ ಅಂತ ಕೆಂಪು ಶಾಯಿಯಲ್ಲಿ ಗೀಚಿ ವಾಪಸ್ ಕೊಡುತ್ತಿದ್ದರು. ಫೋನ್ ಮಾಡಿ, ಕೇಳಿ ತಿಳಿದುಕೊಂಡೇ ಅವರ ಮೇಜಿನ ಹತ್ತಿರ ಹೋಗಬೇಕಿತ್ತು. ಆಗ ಸಿಟ್ಟು ಬರುತ್ತಿತ್ತು. ನಿಮ್ಮ ಸಾಲಿನ ಪಕ್ಕ ನಾನೂ ಅದನ್ನೇ ಬರೆದಿದ್ದೇನೆ.

ಇನ್ನೊಂದು ಸಾಲು: ‘ಹೊಟ್ಟೆಪಾಡಿಗೆ ಸಿನಿಮಾ ಸೇರಿ ಪ್ರತಿಭೆ ಹಾಳುಮಾಡಿಕೊಂಡರು.’ ಇದನ್ನು ಓದಿ ನನಗೆ ನಿಜಕ್ಕೂ ಕೋಪ ಬಂತು. ರೀಲು ಓಡಿಸಿ, ಪಿಯಾನೊ ಮುಂದೆ ಕೂತು, ಪರದೆ ನೋಡುತ್ತಲೇ ನುಡಿಸಿ ಸಂಗೀತ ಕಟ್ಟಿದವರು ಅವರು. ಆ ಸಿನಿಮಾಗಳ ಮಟ್ಟುಗಳನ್ನೇ ಮತ್ತೆ ಎತ್ತಿಕೊಂಡು ವಯೊಲಿನ್ ಕನ್ಚರ್ಟೊ, ಅಂದರೆ ವಾದ್ಯವೃಂದದ ಜೊತೆ ವಯೊಲಿನ್ ಮುಂದಾಗಿ ನುಡಿಯುವ ಕೃತಿ, ಬರೆದರು. 1947ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಅದನ್ನು ಮೊದಲು ನುಡಿಸಿದ್ದು ಆ ಕಾಲದ ಹೆಸರಾಂತ ವಯೊಲಿನ್ ವಾದಕ ಯಾಶಾ ಹೈಫೆಟ್ಜ್. ಹಾಳಾದ ಪ್ರತಿಭೆಯ ಕೃತಿಯನ್ನು ಅಂಥವರು ಸುಮ್ನೆ ಕೈಗೆತ್ತಿಕೊಳ್ಳುತ್ತಾರಾ? ಆಗಿನ ವಿಮರ್ಶಕರು ಮೂಗು ಮುರಿದದ್ದು ನಿಜ. ಅವರ ಮಾತನ್ನು ನಿಮ್ಮ ತೀರ್ಪು ಅಂತ ಬರೆಯಬೇಡಿ. ಒಮ್ಮೆ ಕನ್ಚರ್ಟೊ ಕೇಳಿ. ಶುರುವಿನಲ್ಲೇ ವಯೊಲಿನ್ ಎತ್ತಿಕೊಳ್ಳುವ ಮಟ್ಟು 1937ರ ಸಿನಿಮಾದ್ದು.

ಬಾಲ್ಯದ ಭಾಗ ಅರ್ಧ ಮಾಡಿದರೂ ನಡೆಯುತ್ತದೆ. ಆ ಜಾಗವನ್ನು 1938ಕ್ಕೆ ಕೊಡಿ. ದೀಪಾವಳಿ ವಿಶೇಷಾಂಕಕ್ಕೆ ಇನ್ನೂ ಸಮಯವಿದೆ, ತಿದ್ದಿ ಕಳಿಸಿ.